ಒಗೆದು ಕೊಟ್ಟ ಅಂಗಿ

ಮೇರಿಬಾಯಿ ನನ್ನ ಯಜಮಾನರ ಅಂಗಿಯನ್ನು ಮೂಗಿಗೆ ಹಿಡಿದು ನನ್ನ ಮುಖ ನೋಡಿದರು. “ಅಕ್ಕಾರ, ಎಲ್ಲಾ ಒಗದು ತಂದ್ರೇನು?”

ಹೌದು, ಸೋಪು ಹಾಕಿ ತಿಕ್ಕಿ, ಇಸ್ತ್ರಿ ಮಾಡಿಸಿ ತಂದಿದ್ದೆ. ತೀರಿಕೊಂಡವರದೇ ಇರಲಿ, ಮಾಸಿದ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡುವುದು? ಮೇರಿಬಾಯಿ ಹಳಿಯಾಳದ ಕಡೆಯ ಸಿದ್ದಿ ಹೆಂಗಸು. ಹಳೆಯ ಬಟ್ಟೆ ತಂದುಕೊಟ್ಟವರಿಗೆ ಅದರಿಂದಲೇ ಹೊದೆಯುವ ಕೌದಿ ಹೊಲಿದು ಕೊಡುತ್ತಾರೆ.

“ನನ್ನ ಮಗಳು ತೀರಿಹೋದಾಗ ಆಕಿ ಅರಿವಿ ನಾ ಒಗೀಲಿಲ್ರಿ. ಹಂಗ ಒಳಗ ಹಾಕಿ ಕೌದಿ ಹೊಲದೆ. ಹೊದ್ಕೊಂಡ್ರ ಇನ್ನೂ ಆಕಿ ವಾಸನಿ ಬರ್ತೈತಿ” ಅಂದರು.

ನಮ್ಮವರು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಪಾಳಿ ಮುಗಿಸಿ ಅಂಬೇವಾಡಿಯ ಮನೆಗೆ ಬಂದರೆ ಸಾಕು, ಕಾರ್ಖಾನೆಯ ನಾತ ಒಳಗೆ ತರಬೇಡಿ ಎಂದು ಬೈದು ಬಾಗಿಲಲ್ಲೇ ಅಂಗಿ ಬಿಚ್ಚಿಸುತ್ತಿದ್ದೆ. ಅವರು ಹೋದ ಮೇಲೆ ಒಂದು ಅಂಗಿ ಮಾತ್ರ ಒಗೆಯದೆ ಗೂಟದಲ್ಲಿ ಉಳಿದಿತ್ತು. ಎಂಟು ತಿಂಗಳು ಅದನ್ನು ಮುಟ್ಟಲು ಧೈರ್ಯ ಬಂದಿರಲಿಲ್ಲ. ಕೊನೆಗೆ ಅದನ್ನೂ ನೆನೆಸಿ ಒಗೆದುಬಿಟ್ಟಿದ್ದೆ.

ಕೌದಿ ಈಗ ಮನೆಗೆ ಬಂದಿದೆ. ಮೇರಿಬಾಯಿ ನಾಲ್ಕು ಮೂಲೆಗೂ ಬಟ್ಟೆಯ ಹೂ ಕೂಡಿಸಿ ಚೆಂದ ಹೊಲಿದಿದ್ದಾರೆ. ಮುಖದವರೆಗೆ ಎಳೆದುಕೊಂಡು ಉಸಿರೆಳೆಯುತ್ತೇನೆ. ಸೋಪಿನ ವಾಸನೆ ಬರುತ್ತದೆ.