ಟಗರಿನ ಕೊಂಬಿನ ಅಕ್ಷರ

ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಓಣಿಯ ಒಂದು ಮಾಳಿಗೆಯ ಮೇಲೆ ಕನಕರಾಯ ಬಿಸಿಲಿಗಾಗಿ ಕಾದು ಕೂತಿದ್ದಾರೆ. ಬೆಳಗಿನ ಆರೂವರೆ. ಊರಿಗೆ ಊರೇ ಬಿಸಿಲೆಂದರೆ ಓಡಿಹೋಗುವ ಈ ಸೀಮೆಯಲ್ಲಿ ಬಿಸಿಲಿನ ದಾರಿ ಕಾಯುವವರು ಇವರೊಬ್ಬರೇ ಇರಬೇಕು. ಎದುರಿಗೆ ಬಾಗಿಲಷ್ಟು ಅಗಲದ ಗಾಜಿನ ಚೌಕಟ್ಟು. ಗಾಜಿನ ಕೆಳಗೆ ಕಪ್ಪು ಶಾಯಿಯಲ್ಲಿ ನಕ್ಷೆ ಬರೆದ ಟ್ರೇಸಿಂಗ್ ಹಾಳೆ, ಅದರಡಿ ಮದ್ದು ಸವರಿದ ಹಳದಿ ಕಾಗದ. ಕೋಟೆ ಗುಡ್ಡದ ಕಡೆಯಿಂದ ಬೆಳಕು ಗಾಜಿಗೆ ಮುಟ್ಟಿದ್ದೇ ತಡ, ಅವರು ಎಣಿಸತೊಡಗುತ್ತಾರೆ. ಗಡಿಯಾರವಿಲ್ಲ. ಕುರಿ ಎಣಿಸುವ ಹಾಗೆ ಜೋಡಿ ಲೆಕ್ಕ. ಎಂಬತ್ತು ಜೋಡಿ ದಾಟಿದರೆ ಹಾಳೆ ಸಿದ್ಧ.

“ಎಂಟು ಗಂಟಿ ಬಿಸಿಲು ಗೆರಿನೂ ತಿಂದು ಬಿಡತದ್ರೀ. ಈಗಿಂದು ಎಳಿ ಬಿಸಿಲು, ಹೇಳಿದ ಮಾತು ಕೇಳತದ” ಎನ್ನುತ್ತಾರೆ.

ಬಿಸಿಲು ಕುಡಿದ ಕಾಗದವನ್ನು ಸುರುಳಿ ಸುತ್ತಿ ತಗಡಿನ ಡಬ್ಬಕ್ಕೆ ಇಳಿಸುತ್ತಾರೆ. ಡಬ್ಬದ ತಳದಲ್ಲಿ ಒಂದು ಬಟ್ಟಲು ಅಮೋನಿಯಾ. ಆ ಘಾಟಿಗೆ ಗೆರೆಗಳು ಕಂದು ಬಣ್ಣಕ್ಕೆ ತಿರುಗಿ ಮೇಲೇಳುತ್ತವೆ: ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ಕೋಟೆ, ಕೆರೆ, ಗುಡ್ಡ, ಉರ್ದು ಅಕ್ಷರದಲ್ಲಿ ಇನ್ನೂರ ಹದಿಮೂರು ಊರುಗಳ ಹೆಸರು. ನಿಜಾಮರ ಕಾಲದ ನಕ್ಷೆಯೊಂದರ ನಕಲು ಇದು. ಮೇಲೆ ಚಹಾಪುಡಿ ಕುದಿಸಿದ ನೀರು ಸವರಿದರೆ ಕಾಗದಕ್ಕೆ ನೂರು ವರ್ಷ ವಯಸ್ಸಾಗುತ್ತದೆ. ಊದಿನಕಡ್ಡಿಯ ತುದಿಯಿಂದ ಅಲ್ಲಲ್ಲಿ ಚುಚ್ಚಿದರೆ ಹುಳು ತಿಂದ ತೂತು. ಬೆಳಿಗ್ಗೆ ಹುಟ್ಟಿದ ಹನ್ನೆರಡು ನಕ್ಷೆಗಳು ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಮುದುಕಾಗಿ ಕೂತಿರುತ್ತವೆ. ಹದಿಮೂರು ವರ್ಷದಿಂದ ಇದೇ ಕೆಲಸ. ಅಮೋನಿಯಾದ ಉರಿಗೆ ಕನಕರಾಯರ ಬಲಗಣ್ಣು ಈಗ ಮಂಜು ಮಂಜು. ಕೆಮ್ಮು ಶುರುವಾದರೆ ಮಾಳಿಗೆ ಇಳಿಯುವ ತನಕ ನಿಲ್ಲುವುದಿಲ್ಲ.

ಈ ನಕ್ಷೆ ತೂಗದ ದೊಡ್ಡ ಮನೆ ಈ ಕಡೆ ಕಡಿಮೆ. ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ ಗಾದಿಯ ಹಿಂದಿನ ಗೋಡೆಗೆ ಇದೇ ಬೇಕು. ವಕೀಲರಿಗೆ ಬೇಕು, ಲಾಡ್ಜಿನವರಿಗೆ ಬೇಕು, ವರ್ಗವಾಗಿ ಬಂದ ಸಾಹೇಬರಿಗಂತೂ ಬೇಕೇ ಬೇಕು. ಪ್ರತಿ ಚೌಕಟ್ಟಿನ ಕೆಳಗೆ ನಕ್ಷೆ ಅಂಗಡಿಯ ಮಾಲಿಕರಾದ ಗಡಿಗೆಪ್ಪನವರ ಹೆಸರಿನ ಚೀಟಿ: “ಅಸಲಿಗೆ ತದ್ರೂಪು. ಒಂದು ಚುಕ್ಕೆಯೂ ಹೆಚ್ಚುಕಡಿಮೆ ಇಲ್ಲ.” ಒಮ್ಮೆ ಗಿರಣಿ ಮಾಲಿಕರೊಬ್ಬರು ಬಂದು, “ನಮ್ಮೂರು ಕುರ್ಡಿ ಬಾಳ ಸಣ್ಣದು ಕಾಣ್ತದ, ಒಂದೀಟು ಹಿಗ್ಗಸ್ರಿ” ಎಂದರಂತೆ. ಗಡಿಗೆಪ್ಪನವರು ಕಣ್ಸನ್ನೆ ಮಾಡಿದರು. ಆ ಒಂದು ನಕ್ಷೆಯಲ್ಲಿ ಕುರ್ಡಿ ಇವತ್ತಿಗೂ ಮಾನ್ವಿಗಿಂತ ದೊಡ್ಡದು. ಉಳ್ಳವರು ಕೇಳಿದರೆ ನಿಜಾಮರ ಕಾಲವೂ ತುಸು ಸರಿದು ಕೂರುತ್ತದೆ.

ಕನಕರಾಯ ದೇವದುರ್ಗ ತಾಲೂಕಿನವರು. ಗೂಗಲ್ ಎಂಬ ಊರಿನ ಹತ್ತಿರ ಕೃಷ್ಣೆಯ ದಂಡೆಯ ತೋಳನದೊಡ್ಡಿ, ನಲವತ್ತು ಮನೆಗಳ ಕುರುಬರ ಹಟ್ಟಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟರೂ ಕೈ ಚೊಕ್ಕ. ಕಂಬಳಿಯ ಅಂಚಿಗೆ ಹಾಕುವ ಗೆರೆಯನ್ನು ಸುಣ್ಣದಲ್ಲಿ ಗೋಡೆಗೆ ಬರೆಯುತ್ತಿದ್ದರು. ಅದನ್ನು ನೋಡಿದ ಗಡಿಗೆಪ್ಪನವರು ಎಪ್ಪತ್ತೆರಡನೇ ಇಸವಿಯಲ್ಲಿ ಅಂಗಡಿಗೆ ಕರೆದರು. ಆಗ ಮೂಲ ನಕ್ಷೆ ಸರ್ವರಿ ಬೇಗಂ ಅವರ ಮನೆಯಲ್ಲಿತ್ತು. ಮಕ್ಕಳಿಗೆ ಉರ್ದು ಹೇಳಿಕೊಡುವ ಈ ಹಿರಿಯರ ತಂದೆ ನಿಜಾಮರ ಕಾಲದಲ್ಲಿ ಮುನ್ಷಿಯಾಗಿದ್ದವರು. ಬಟ್ಟೆಗೆ ಅಂಟಿಸಿದ ಆ ನಕ್ಷೆಯ ಮೇಲೆ ಹಾಳೆ ಹಾಸಿ ಕನಕರಾಯ ನಲವತ್ತೊಂದು ದಿನ ಕೂತು ಗೆರೆ ತೆಗೆದರು. ಉರ್ದು ಒಂದಕ್ಷರ ಬಾರದು. ಅಕ್ಷರಗಳನ್ನು ಚಿತ್ರದ ಹಾಗೆ ಬರೆದರು.

ತಪ್ಪು ನಡೆದದ್ದು ಅಲ್ಲೇ. ಅದನ್ನು ತಪ್ಪು ಎನ್ನಲೂ ಮನಸ್ಸು ಬಾರದು, ಪ್ರೀತಿ ಮಾಡಿದ ಕೆಲಸ ಅದು.

“ಬೇಗಂ ಅಮ್ಮಾರು ನಮ್ಮೂರು ಎಲ್ಲೈತಂತ ಬೆರಳಿಟ್ಟು ತೋರಿಸಿದ್ರು. ಬರೇ ಒಂದು ಗುಂಡು, ಒಂದು ಹೆಸರು. ಬಿಕೋ ಅಂತಿತ್ರೀ. ಅಲ್ಲೇ ಬಾಜೂಕ, ಹೊಳಿ ಗೆರಿ ಮ್ಯಾಲ ಒಂದು ಅಕ್ಷರ ಬಿದ್ದಿತ್ತು. ಕಡೀಕ ಟಗರಿನ ಕೊಂಬಿನಂಗ ಸುತ್ತಿಕೊಂಡು, ಮ್ಯಾಲೊಂದು ಚುಕ್ಕಿ. ಇಡೀ ನಕ್ಷಾದಾಗ ಅಷ್ಟು ಚಂದನ ಅಕ್ಷರ ಇನ್ನೊಂದು ಇರಲಿಲ್ಲ. ಹೊಳಿ ಗೆರಿ ಕೆಡಸ್ತದ, ಬಿಳೀ ಜಾಗಕ್ಕ ಸರಿಸಿದ್ರ ನಮ್ಮೂರಿಗೊಂದು ಸಿಂಗಾರ ಆಗ್ತದಂತ ಸರಿಸಿ ಬಿಟ್ಟೆ. ಒಂದು ಬೆರಳಿನಷ್ಟು.”

ಮೊದಲ ನಕಲನ್ನು ಹೊತ್ತುಕೊಂಡು ಊರಿಗೆ ಹೋದರು. ತಂಗಿ ಜಂಬಮ್ಮನ ಮನೆಯ ಗೋಡೆಗೆ ತೂಗುಹಾಕಿ, ಹಟ್ಟಿಯ ಮಂದಿಗೆಲ್ಲ ಆ ಕೊಂಬು ತೋರಿಸಿದರು. ಜಂಬಮ್ಮ ಹಬ್ಬ ಹುಣ್ಣಿಮೆಗೆ ಅದರ ಮೇಲೊಂದು ಕುಂಕುಮದ ಬೊಟ್ಟಿಡುತ್ತಿದ್ದಳು. ಹನ್ನೊಂದು ವರ್ಷ ಹಾಗೇ ನಡೆಯಿತು.

ಎಂಬತ್ತಮೂರರ ಬೇಸಿಗೆಯಲ್ಲಿ ದೊಡ್ಡಿಗಳಿಗೆ ಕರೆಂಟಿನ ಕಂಬ ಬರುತ್ತವೆಂಬ ಸುದ್ದಿ ಹಬ್ಬಿತು. ತೋಳನದೊಡ್ಡಿಯಲ್ಲಿ ಈಗಲೂ ಚಿಮಣಿ ಬುಡ್ಡಿಯೇ ಗತಿ. ಹಿಂದಿನ ವರ್ಷ ಕತ್ತಲಲ್ಲಿ ಈಯುವ ಕುರಿಯ ಹತ್ತಿರ ಹೋದ ಜಂಬಮ್ಮನ ಸೊಸೆಯನ್ನು ಹಾವು ಮುಟ್ಟಿ, ಆಕೆ ಉಳಿಯಲಿಲ್ಲ. ಊರ ಹಿರಿಯರು ಅರ್ಜಿ ಬರೆಸಿಕೊಂಡು, ಕಂಬ ಮಂಜೂರು ಮಾಡುವ ರಾಯಚೂರಿನ ಕಚೇರಿಗೆ ಬಂದರು. ಜೊತೆಗೆ ಜಂಬಮ್ಮ. ಪೇಟೆ ಬಲ್ಲವನೆಂದು ಕನಕರಾಯರನ್ನೂ ಕರೆದುಕೊಂಡರು. ಹಟ್ಟಿಗೆ ಬೇರೆ ಲೆಕ್ಕವಿಲ್ಲ, ಸರ್ಕಾರದ ಕಾಗದದಲ್ಲಿ ಎಲ್ಲ ಗೂಗಲ್‌ಗೇ ಸೇರಿಸಿ ಬರೆದದ್ದು. ಹೊಸದಾಗಿ ಬಂದಿದ್ದ ಸಾಹೇಬರು ಅರ್ಜಿ ಓದಿ ಹಿಂದೆ ತಿರುಗಿ ಗೋಡೆ ನೋಡಿದರು. ಗೋಡೆಯ ಮೇಲೆ ಕನಕರಾಯರದೇ ಕೈಯ ನಕ್ಷೆ. ಉರ್ದು ಬಲ್ಲ ಮುದಿ ಗುಮಾಸ್ತರೊಬ್ಬರನ್ನು ಕರೆದು ಓದಿಸಿದರು.

“ತೋಳನದೊಡ್ಡಿ. ಬೇಚಿರಾಗ್” ಎಂದು ಓದಿದರು ಗುಮಾಸ್ತರು.

ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಜನ ಬಿಟ್ಟುಹೋದ, ಹಾಳುಬಿದ್ದ ಊರಿಗೆ ಕಂದಾಯದವರು ಇಡುವ ಹೆಸರು.

“ನಿಜಾಮರ ಕಾಲದಲ್ಲೇ ಊರು ಹಾಳುಬಿದ್ದಿದೆ. ಇಲ್ಲದ ಊರಿಗೆ ಕಂಬ ಕೇಳೋಕೆ ಬಂದಿದ್ದೀರಲ್ಲ!” ಎಂದು ಸಾಹೇಬರು ನಕ್ಕರು. ಎದುರಿಗೆ ಏಳು ಮಂದಿ ಜೀವಂತ ನಿಂತಿದ್ದರು. ಆದರೆ ಚೌಕಟ್ಟಿನೊಳಗಿದ್ದದ್ದು ನಕ್ಷೆ, ಅವರಲ್ಲವಲ್ಲ.

“ಅದು ನಾ ಬರದದ್ದು, ತಪ್ಪಾಗೇದ ಅಂತ ಅಲ್ಲೇ ಅನ್ನಬೇಕಾಗಿತ್ರೀ” ಎನ್ನುತ್ತಾರೆ ಕನಕರಾಯ. “ಮಾಲಿಕರ ಮಾರಿ ಕಣ್ಣ ಮುಂದ ಬಂತು, ಅನ್ನದ ಕೆಲಸ. ಹೊರಗ ಬಂದ ಮ್ಯಾಲ ಜಂಬವ್ವ ಒಂದೇ ಮಾತು ಕೇಳಿದ್ಲು. ‘ಯಣ್ಣಾ, ಅದು ನೀ ಬರದ ಟಗರಿನ ಕೊಂಬಲ್ಲೇನು?’ ಹೂಂ ಅಂದೆ. ಆಕಿ ಸೆರಗು ಹೊದ್ದು ಬಸ್ಸಿನ ಕಡಿ ನಡದ್ಲು.”

ಮರುದಿನ ಸರ್ವರಿ ಬೇಗಂ ಅವರ ಮನೆಗೆ ಓಡಿದರು. ಕನ್ನಡಕ ಏರಿಸಿ ನಕಲು ನೋಡಿದ ಆಕೆ ಹಣೆ ಹಣೆ ಬಡಿದುಕೊಂಡರು. “ಅರೇ ಕನಕರಾಯ, ಇದು ಒಂದಕ್ಷರ ಅಲ್ಲ, ಪೂರಾ ಮಾತು, ಹೊಳಿ ಆಚಿ ಹಾಳೂರಿಗೆ ಬರದಿದ್ದು. ನಿಮ್ಮೂರಿಗೆ ಯಾಕ ತಂದ್ಯೋ ಬೇಟಾ? ನನ್ನ ಒಂದು ಮಾತು ಕೇಳಬಾರದಿತ್ತಾ?” ಮೂಲ ನಕ್ಷೆ ತೋರಿಸಿದರೆ ಮುಗಿಯುತ್ತಿತ್ತು. ಆದರೆ ಅದನ್ನು ಗಡಿಗೆಪ್ಪನವರು ಕೊಂಡುಕೊಂಡು, ಮುಂಬೈಯಿಂದ ಬಂದ ಯಾರಿಗೋ ಎಂದೋ ಮಾರಿಬಿಟ್ಟಿದ್ದರು. ಹೆಸರೂ ಇಲ್ಲ, ವಿಳಾಸವೂ ಇಲ್ಲ.

ಟ್ರೇಸಿಂಗ್ ಹಾಳೆಯಲ್ಲಾದರೂ ಆ ಒಂದು ಪದ ಕೆರೆದು ತೆಗೆಯುತ್ತೇನೆಂದು ಕನಕರಾಯ ಮಾಲಿಕರ ಕಾಲು ಹಿಡಿದರು. “ಹಳೇ ನಕಲೊಂದು, ಹೊಸಾ ನಕಲೊಂದು ಅಂದ್ರ ‘ಒಂದು ಚುಕ್ಕಿ ಹೆಚ್ಚುಕಡಿಮಿ ಇಲ್ಲ’ ಅನ್ನೋ ಮಾತು ಎಲ್ಲಿ ಉಳೀತದಲೇ?” ಎಂದು ಅವರು ಗದರಿದರು. ಕುರ್ಡಿ ಹಿಗ್ಗಿದಾಗ ಉಳಿದಿದ್ದ ಮಾತು ತೋಳನದೊಡ್ಡಿಗೆ ಮಾತ್ರ ಉಳಿಯುವುದಿಲ್ಲ!

ಕೊನೆಗೆ ಒಬ್ಬರೇ ಕಚೇರಿಗೆ ಹೋದರು, ಎಲ್ಲ ಹೇಳಿಬಿಡುವುದೆಂದು. ಸಾಹೇಬರು ಕೇಳಿದ್ದು ಇಷ್ಟೇ: “ನಿಜಾಮರ ಕಾಲದ ನಕ್ಷೆ ನೀನು ಬರೆದೆಯಾ? ಉರ್ದು ಬರುತ್ತಾ ನಿನಗೆ?”

“ಇಲ್ರಿ.”

“ಮತ್ತೆ?”

ಜವಾನ ಬಾಗಿಲು ತೋರಿಸಿದ. ಸುತ್ತಲ ದೊಡ್ಡಿಗಳಲ್ಲಿ ಕಂಬಗಳು ಎದ್ದು, ದೀಪ ಹತ್ತಿ ವರ್ಷ ದಾಟಿತು. ತೋಳನದೊಡ್ಡಿಯ ಹೆಸರು ಮಾತ್ರ ಪಟ್ಟಿ ಸೇರಲಿಲ್ಲ. ಜಂಬಮ್ಮನ ಮನೆಯ ನಕ್ಷೆ ಈಗಲೂ ಅದೇ ಮೊಳೆಗೆ ತೂಗುತ್ತಿದೆ, ಮುಖ ಮಾತ್ರ ಗೋಡೆಯ ಕಡೆಗೆ. ಯಾಕೆಂದು ಊರಿನವರಿಗೆ ಆಕೆ ಹೇಳಿಲ್ಲ. ಅಣ್ಣನ ಮಾನ ಕಾಯುತ್ತಿದ್ದಾಳೆ. ಆ ಮೌನವೇ ಕನಕರಾಯರನ್ನು ಹೆಚ್ಚು ಸುಡುವುದು. ಎರಡು ವರ್ಷದಿಂದ ಅವರು ಊರಿಗೆ ಕಾಲಿಟ್ಟಿಲ್ಲ.

ಮಾಳಿಗೆಯ ಮೇಲೆ ಬಿಸಿಲು ಖಾರವಾಗಿದೆ. ಹನ್ನೆರಡನೆಯ ಹಾಳೆ ಡಬ್ಬದಿಂದ ಹೊರಬರುತ್ತದೆ. ಕೃಷ್ಣೆಯ ದಂಡೆಯಲ್ಲಿ ಕೊಂಬು ಮತ್ತೆ ಮೂಡಿದೆ, ಇಂದಿಗೂ ಚಂದವಾಗಿಯೇ. ಕನಕರಾಯ ಅದನ್ನು ನೋಡದೆ ಚಹಾದ ನೀರು ಸವರುತ್ತಾರೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಗಡಿಗೆಪ್ಪನವರು ನಾಳೆಯೇ ಕೆಲಸದಿಂದ ತೆಗೆಯುತ್ತಾರೆ, ಹೆಸರು ಬದಲಿಸಿ ಬರೆಯೋಣವೇ ಎಂದು ಕೇಳಿದರೆ, ಕುಂಚ ಕೆಳಗಿಡುತ್ತಾರೆ.

“ಬದಲಿ ಮಾಡಬ್ಯಾಡ್ರಿ” ಎನ್ನುತ್ತಾರೆ. “ತೋಳನದೊಡ್ಡಿ ಕನಕರಾಯ ಅಂತ ಪೂರಾ ಬರೀರಿ. ಇಷ್ಟು ವರ್ಷ ನಕ್ಷಾದ ಕೆಳಗ ನನ್ನ ಹೆಸರು ಯಾರೂ ಹಾಕಲಿಲ್ಲ, ನಾನೂ ಕೇಳಲಿಲ್ಲ. ತಪ್ಪಿನ ಕೆಳಗಾದ್ರೂ ಹಾಕ್ರಿ.”