ಡಾ. ಮುಂಬುವಾ ಕಿಥೇಕ ಮತ್ತು ಮುಟೊಮೊದ ಬೇಲಿಗಿಡ

ಒಣ ಕುರುಚಲು ಕಾಡಿನ ಸಸ್ಯಗಳನ್ನು ಬಲ್ಲವರು ನಮ್ಮ ಪೂರ್ವ ಆಫ್ರಿಕಾದಲ್ಲಿ ಎಂದೂ ಹೆಚ್ಚು ಜನ ಇರಲಿಲ್ಲ. ಬೆಟ್ಟದ ನೆತ್ತಿಯ ಹೂಗಳಿಗೆ ಮುಗಿಬೀಳುವ ವಿದ್ವಾಂಸರು, ವರ್ಷದ ಬಹುಪಾಲು ಎಲೆಯಿಲ್ಲದೆ ನಿಲ್ಲುವ ಮುಳ್ಳುಪೊದೆಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆ ಪೊದೆಗಳ ಅಧ್ಯಯನಕ್ಕೇ ತಮ್ಮ ಸೇವಾವಧಿಯನ್ನು ಮುಡಿಪಾಗಿಟ್ಟು, ಈಗ ಮಚಾಕೋಸಿನ ನಮ್ಮ ಹರ್ಬೇರಿಯಂನಿಂದ, ಅಂದರೆ ಒಣಸಸ್ಯಗಳ ಸಂಗ್ರಹಾಲಯದಿಂದ, ನಿವೃತ್ತರಾಗುತ್ತಿರುವ ಡಾ. ಮುಂಬುವಾ ಕಿಥೇಕ ಅವರ ವಿದ್ವತ್ತನ್ನು ಈ ಅಭಿನಂದನ ಸಂಪುಟದ ಇತರ ಲೇಖಕರು ಯಥೋಚಿತವಾಗಿ ಕೊಂಡಾಡಿದ್ದಾರೆ. ಇಲ್ಲಿ ಹೇಳಹೊರಟಿರುವುದು ಒಂದು ಗಿಡದ ವಿಷಯವನ್ನಷ್ಟೇ.

ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸುವ ಸಹಾಯಕಿಯಾಗಿ ಸೇರಿದ ಅವರು, ಸಂಜೆ ಓದಿ ಪದವಿಗಳನ್ನು ಪಡೆದು ಮೇಲೆ ಬಂದವರು. ಶಿಷ್ಯರು ತಪ್ಪು ಮಾಡಿದರೆ ನಾಲ್ಕು ಜನರ ಎದುರು ಗದರಿಸಿದವರಲ್ಲ. ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಆ ಹಾಳೆಯನ್ನು ಮುಂದಿಟ್ಟು, ಇದನ್ನು ಇನ್ನೊಮ್ಮೆ ನೋಡೋಣವೇ ಎಂದು ಕೇಳುತ್ತಿದ್ದರು. ಜೀಪಿನ ಕುಲುಕಾಟಕ್ಕೆ ಹೊಟ್ಟೆ ತೊಳಸಿದವರಿಗೆ ತಮ್ಮ ಪಾಲಿನ ಅಂಬಲಿಯನ್ನು ಬಗ್ಗಿಸಿ ಕೊಡುತ್ತಿದ್ದರು. ಆದರೆ ಹೊತ್ತಾಯಿತು ಹೊರಡಿ ಎಂದು ಅವಸರಿಸುವ ಡ್ರೈವರುಗಳ ಪಾಲಿಗೆ ಅವರಷ್ಟು ಖಾರದ ಹೆಂಗಸು ಇನ್ನೊಬ್ಬರಿರಲಿಲ್ಲ.

ಆ ಗಿಡ ಅವರಿಗೆ ಸಿಕ್ಕಿದ್ದು ಕಿಟುಯಿ ಸೀಮೆಯ ದಕ್ಷಿಣದಲ್ಲಿ, ಮುಟೊಮೊ ಬಳಿ, ನ್ಜುಕಿ ಮ್ವೊಲೊಲೊ ಎಂಬ ಹಿರಿಯರ ಆಡಿನ ದೊಡ್ಡಿಯ ಬೇಲಿಯಲ್ಲಿ. ಅದು ಗುಗ್ಗುಳದ ಬಳಗಕ್ಕೆ ಸೇರಿದ ಪೊದೆ. ಈ ಬಳಗದ ಕೊಂಬೆಗಳನ್ನು ಕಡಿದು ನೆಟ್ಟರೂ ಬೇರು ಬಿಡುತ್ತವೆ. ಹಾಗಾಗಿ ಅಲ್ಲಿನವರ ಬೇಲಿಗಳೆಲ್ಲ ಬದುಕಿರುವ ಬೇಲಿಗಳು, ಒಂದೊಂದರಲ್ಲೂ ಈ ಬಳಗದ ಹಲವು ಪ್ರಭೇದಗಳು ಬೆರೆತಿರುತ್ತವೆ. ನಸುಗೆಂಪು ಬಣ್ಣದ ಅದರ ಪುಟ್ಟ ಹೂಗಳಂಥವನ್ನು ಡಾ. ಮುಂಬುವಾ ಬೇರೆಲ್ಲೂ ಕಂಡಿರಲಿಲ್ಲ. ಆದರೆ ಹೂ ಬಿಡುವಾಗ ಈ ಪೊದೆಯಲ್ಲಿ ಎಲೆ ಇರುವುದಿಲ್ಲ, ಎಲೆ ಬರುವ ಹೊತ್ತಿಗೆ ಹೂ ಉಳಿದಿರುವುದಿಲ್ಲ. ಅದಕ್ಕೆಂದೇ ಬಿಸಿಲಲ್ಲಿ ಹೂ ತೆಗೆದ ಕೊಂಬೆಗೆ ಕೆಂಪು ಬಟ್ಟೆಯೊಂದನ್ನು ಕಟ್ಟಿ ಬಂದು, ಮಳೆಯಾದ ಮೇಲೆ ಹೋಗಿ ಬಟ್ಟೆಯಿದ್ದ ಕೊಂಬೆಯಿಂದ ಎಲೆ ತಂದರು. ಎರಡನ್ನೂ ಸೇರಿಸಿ ಹೊಸ ಪ್ರಭೇದದ ವಿವರಣೆ ಬರೆದು ಕಳಿಸಿದ್ದಾಯಿತು, ಪತ್ರಿಕೆಯವರು ಒಪ್ಪಿದ್ದೂ ಆಯಿತು. ಆಗ ಹರ್ಬೇರಿಯಂನ ಮುಖ್ಯಸ್ಥರ ಹುದ್ದೆ ಖಾಲಿಯಿತ್ತು. ಸಂದರ್ಶನಕ್ಕೆ ಮುಂಚೆ ಲೇಖನ ಅಚ್ಚಾದರೆ ಕುರ್ಚಿ ಅವರದೇ ಎಂದು ನಿರ್ದೇಶಕರು ಬಾಯಿಬಿಟ್ಟೇ ಹೇಳಿದ್ದರು.

ಆ ಸಂತೋಷದಲ್ಲಿ ಸಕ್ಕರೆ, ಚಹಾಪುಡಿ ಹಿಡಿದು ನ್ಜುಕಿಯವರ ಮನೆಗೆ ಧನ್ಯವಾದ ಹೇಳಲು ಹೋದರು. ಕುಟ್ಟಿದ ಮೆಕ್ಕೆಜೋಳಕ್ಕೆ ಕಾಳು ಸೇರಿಸಿ ಬೇಯಿಸಿದ ಮೂಥೊಕೋಯಿಯ ತಟ್ಟೆ ಮುಂದೆ ಬಂತು. ಉಪಚಾರದ ಜೊತೆ ಹಿರಿಯರು ಅಭಿಮಾನದಿಂದ ಒಂದು ಮಾತು ಹೇಳಿದರು.

"ನಿನ್ನ ಬಟ್ಟೆಗೆ ಏನೂ ಆಗದಂಗೆ ನೋಡ್ಕೊಂಡೀನಿ ತಾಯಿ. ಬೇಲಿ ಬಿಚ್ಚಿ ಕಟ್ಟುವಾಗ ಆ ಕೊಂಬೆ ಕಿತ್ತು ಎಸೆದ್ವಿ. ಬಟ್ಟೆ ಮಾತ್ರ ನಾನೇ ಬಿಚ್ಚಿ ಪಕ್ಕದ ಗಿಡಕ್ಕೆ ಬಿಗಿಯಾಗಿ ಕಟ್ಟಿದೆ."

"ಯಾವಾಗ ಕಟ್ಟಿದ್ರಿ ಅಜ್ಜ?"

"ಮಳೆಗೆ ಮುಂಚೆನೇ. ಇಲ್ದಿದ್ರೆ ನಮ್ಮ ಆಡುಗಳು ನಿನ್ನ ಬಟ್ಟೇನೂ ಬಿಡ್ತಿರಲಿಲ್ಲ."

ಹೂ ಒಂದು ಗಿಡದ್ದು, ಎಲೆ ಇನ್ನೊಂದರದ್ದು. ಅಚ್ಚಿಗೆ ಹೊರಟಿದ್ದ ಗಿಡ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಆದರೂ ಅಷ್ಟು ಜೋಪಾನ ಮಾಡಿದವರ ಮನಸ್ಸು ನೋಯಬಾರದೆಂದು ಡಾ. ಮುಂಬುವಾ ತಟ್ಟೆ ಖಾಲಿ ಮಾಡಿಯೇ ಎದ್ದರು.

ನಿರ್ದೇಶಕರು ಕೆಟ್ಟವರಲ್ಲ, ವಿಷಯ ತಿಳಿಸಿದಾಗ ಕೈಗೆ ಬಂದದ್ದು ಬಾಯಿಗೆ ಬಾರದೆ ಹೋದೀತೆಂದು ಅವರಿಗೂ ಕಳವಳವಾಯಿತು.

"ಯಾರು ನೋಡ್ತಾರೆ ಮುಂಬುವಾ? ಮೊದಲು ಅಚ್ಚಾಗ್ಲಿ, ತಿದ್ದುಪಡಿ ಆಮೇಲೆ ಹಾಕಿದ್ರಾಯ್ತು."

"ಅಲ್ಲೀ ತನಕ ಜನ ಇಲ್ಲದ ಗಿಡ ಹುಡುಕ್ತಾ ಬಿಸಿಲಲ್ಲಿ ಅಲೀತಾರೆ ಸರ್. ಅವರಿಗೆ ಯಾರು ಹೇಳೋದು?"

ಲೇಖನವನ್ನು ಹಿಂದಕ್ಕೆ ಪಡೆದರು. ಹುದ್ದೆ ಬೇರೊಬ್ಬರ ಪಾಲಾಯಿತು. ತ್ಯಾಗ ಮಾಡಿದೆನೆಂಬ ಸೋಗು ಅವರಲ್ಲಿ ಇರಲಿಲ್ಲ. ಅಂದು ಮನೆಗೆ ಹೋಗುವ ಮಟಾಟು ವ್ಯಾನಿನಲ್ಲಿ, ಜನ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತೆನೆಂದು ಅವರೇ ಹೇಳುತ್ತಾರೆ. ಅವರಿಗಾಗಿ ನಮಗೂ ಸಂಕಟವಾಗಿತ್ತು.

ಕಿತ್ತೆಸೆದ ಕೊಂಬೆ ಸತ್ತಿರಲಿಲ್ಲ, ಅದು ಈ ಬಳಗದ ಗುಣ. ವಿಷಯ ತಿಳಿದು ತಲೆ ಚಚ್ಚಿಕೊಂಡ ನ್ಜುಕಿಯವರು, ದೊಡ್ಡಿಯ ಹಿಂದಿನ ತಿಪ್ಪೆಯ ಪಕ್ಕ ಅದು ಬೇರೂರಿದ್ದ ಜಾಗಕ್ಕೆ ತಾವೇ ಕರೆದೊಯ್ದರು. ಈ ಬಾರಿ ಡಾ. ಮುಂಬುವಾ ಬಟ್ಟೆಯನ್ನು ನಂಬಲಿಲ್ಲ. ಮೊದಲ ಮಳೆಗೆ ಮುನ್ನವೇ ಹೋಗಿ ಅವರ ಮನೆಯಲ್ಲೇ ಉಳಿದು, ಹೂ ಉದುರಿದ ಕೊಂಬೆಯಲ್ಲೇ ಎಲೆ ಬಿಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡು ಬಂದರು. ಕೊನೆಗೆ ಲೇಖನ ಅಚ್ಚಾದಾಗ ಗಿಡಕ್ಕೆ ನ್ಜುಕಿಯವರ ಹೆಸರನ್ನೇ ಇಟ್ಟಿದ್ದರು. ಕುರ್ಚಿ ತಪ್ಪಿಸಿದವರಿಗೆ ಇಷ್ಟು ಮರ್ಯಾದೆಯೇ ಎಂದು ನಾವು ಛೇಡಿಸಿದೆವು.

ಆ ವಿವರಣೆಯ ಕೊನೆಯಲ್ಲಿ ಒಂದು ಸಾಲು ಹೀಗಿದೆ: ಹಣ್ಣು: ಕಂಡಿಲ್ಲ. ಗುಗ್ಗುಳದ ಬಳಗದಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಮುಖ್ಯವಾಗಿ ಹಣ್ಣಿನೊಳಗಿನ ಬೀಜಕ್ಕೆ ಹೊದ್ದಿರುವ ಕೆಂಪು ತೊಗಲು. ಹತ್ತಿರದ ಪ್ರಭೇದವನ್ನು ನೋಡಿ ಊಹಿಸಿ ಬರೆಯಿರಿ ಎಂದು ಸಲಹೆ ಕೊಟ್ಟವರಿದ್ದರು. ಡಾ. ಮುಂಬುವಾ ಬರೆಯಲಿಲ್ಲ. ವರ್ಷ ವರ್ಷವೂ ಹೋದರು. ವರ್ಷ ವರ್ಷವೂ ಆಡುಗಳು ಕಾಯಿಯಲ್ಲೇ ತಿಂದು ಮುಗಿಸಿರುತ್ತಿದ್ದವು.

ಈಚೆಗೆ, ಅವರ ಬೀಳ್ಕೊಡುಗೆಗೆ ದಿನ ಗೊತ್ತಾಗಿ, ಮುಖ್ಯ ಅತಿಥಿಗಳು ಒಪ್ಪಿ, ಊಟಕ್ಕೂ ಹೇಳಿಯಾದ ಮೇಲೆ, ಮುಟೊಮೊದಿಂದ ಫೋನು ಬಂತು. ಈಗ ತೀರಾ ಮುಪ್ಪಾಗಿರುವ ನ್ಜುಕಿಯವರು ಆ ಪೊದೆಯ ಸುತ್ತ ಮುಳ್ಳು ಕಟ್ಟಿಸಿದ್ದರು.

"ಈ ಸಲ ಆಡಿಗೆ ಬಿಟ್ಟಿಲ್ಲ ತಾಯಿ. ಕಾಯಿ ಬಣ್ಣ ತಿರುಗ್ತಾ ಐತೆ. ಬಂದ್ಬಿಡು."

ಸಭೆಯನ್ನು ಮುಂದೂಡಲು ಸಮಿತಿಯಿಂದ ಆಗಲಿಲ್ಲ, ಹಣ್ಣನ್ನು ಮುಂದೂಡಲು ಅವರಿಂದ ಆಗಲಿಲ್ಲ. ಆದ್ದರಿಂದ ಈ ಸಂಪುಟವನ್ನು ವೇದಿಕೆಯಲ್ಲಿ ಅವರ ತಂಗಿ ಸ್ವೀಕರಿಸುತ್ತಾರೆ. ಮಾನ್ಯ ಅತಿಥಿಗಳು ಬೇಸರಿಸಬಾರದು. ಡಾ. ಮುಂಬುವಾ ಕಿಥೇಕ ಅವರಿಗೆ ದೀರ್ಘಾಯುಷ್ಯವೂ ಬಿಸಿಲು ತಡೆಯುವ ಆರೋಗ್ಯವೂ ಇರಲಿ. ಊಹೆಯಿಂದ ತುಂಬಲೊಲ್ಲದೆ ಬಿಟ್ಟ ಆ ಸಾಲನ್ನು, ನಾವು ಇಲ್ಲಿ ಚಪ್ಪಾಳೆ ತಟ್ಟುವ ಹೊತ್ತಿಗೆ, ಅವರು ಅಲ್ಲಿ ಕಣ್ಣಾರೆ ಕಂಡು ಬರೆಯುತ್ತಿರಲಿ.