ಮೃತರ ಹೆಸರು, ಮತ್ತೊಮ್ಮೆ

ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ, ಕಡೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ಸಖರಾಯಪಟ್ಟಣದ ಗೌರಮ್ಮನವರು ಅರ್ಧ ಗಂಟೆ ಕೂತು ತುಂಬಿಸಿದ ಅರ್ಜಿ ಅಳಿಸಿಹೋಯಿತು. ಸುದ್ದಿಯೆಂದು ಕಳಿಸಿದರೆ ಒಳಪುಟದಲ್ಲೂ ಇದಕ್ಕೆ ಜಾಗ ಸಿಗದು. ಪತ್ರಿಕೆಯೊಂದರಲ್ಲಿ ತರೀಕೆರೆ, ಅಜ್ಜಂಪುರದ ಸುದ್ದಿಗಳನ್ನು ಮೂವತ್ತು ವರ್ಷ ತಿದ್ದಿ ನಿವೃತ್ತನಾದ ನಾನು, ಪಹಣಿ ತೆಗೆಸಲು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಗೌರಮ್ಮ ಬಂದದ್ದು ಗಂಡನ ಮರಣ ಪ್ರಮಾಣಪತ್ರಕ್ಕೆ. ಅದಿಲ್ಲದೆ ವಿಧವಾ ವೇತನವಿಲ್ಲ. ಹೆಸರು ತಪ್ಪಿದರೆ ತಿದ್ದುಪಡಿಗೆ ತಿಂಗಳುಗಟ್ಟಲೆ ಅಲೆದಾಟ. ಹೆಸರು ನೋಡಿ ಬರೆಯೋಣವೆಂದರೆ ಗಂಡನ ಆಧಾರ್ ಕಾರ್ಡು ಮನೆಯಲ್ಲೇ ಉಳಿದಿತ್ತು.

"ಅಮ್ಮಾ, ಯಜಮಾನ್ರ ಹೆಸ್ರೇನು?" ಅಂಗಡಿಯ ಶೋಭಾ ಕೇಳಿದರು.

"ಹೆಂಗವ್ವಾ ಹೇಳ್ಲಿ? ಓಕುಳೀಲಿ ಎರಚ್ತಾರಲ್ಲ, ಅದ್ರ ಮುಂದೆ ಅಪ್ಪ ಅಂತ ಹಾಕ್ಕೋ."

"ಬಣ್ಣಪ್ಪ?"

"ಅಯ್ಯೋ, ಬಣ್ಣ ಅಲ್ಲ ಕಣೇ! ಅದಕ್ಕಿನ್ನೊಂದು ಮಾತೈತಲ್ಲ."

"ರಂಗು... ಓ, ರಂಗಪ್ಪನವ್ರು!"

ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿದರು. ಬೆಂಚಿನಲ್ಲಿದ್ದವರೆಲ್ಲ ನಕ್ಕೆವು. ಹೆಸರು ಹಿಡಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂಬುದು ಹಳಬರ ನಂಬಿಕೆ. ಕಡಿಮೆಯಾಗಲು ಈಗ ಆಯಸ್ಸು ಉಳಿದಿಲ್ಲ, ಅಭ್ಯಾಸ ಉಳಿದಿದೆ.

ಆಮೇಲೆ, ಲಗತ್ತಿಸಿದ ಫೋಟೋ ದೊಡ್ಡದಾಯಿತೆಂದು ಪುಟ ವಾಪಸ್ ಬಂತು. ಖಾನೆಗಳೆಲ್ಲ ಖಾಲಿ.

ಜಾಲತಾಣಗಳಿಗೆ ಮರೆವು ಹುಟ್ಟುಗುಣವಂತೆ. ಪುಟ ತೆರೆದಾಗಲೆಲ್ಲ ನಾವು ಅದಕ್ಕೆ ಹೊಸಬರು. ಬರೆದದ್ದು ಮುಂದಿನ ಪುಟದವರೆಗೆ ಉಳಿಯಬೇಕಾದರೆ, ಬ್ರೌಸರಿನ ಮೂಲೆಯಲ್ಲೋ ಆ ಕಡೆಯ ಸರ್ವರಿನಲ್ಲೋ ಎತ್ತಿಡುವ ಏರ್ಪಾಡನ್ನು ತಾಣ ಕಟ್ಟಿದವರು ಮೊದಲೇ ಮಾಡಿರಬೇಕು. ಇಲ್ಲಿ ಮಾಡಿರಲಿಲ್ಲ. ಬೈಯೋಣವೆಂದುಕೊಂಡೆ, ಹಕ್ಕಿಲ್ಲವೆಂದು ಹೊಳೆಯಿತು. ಅಪಘಾತವಾದ ಮನೆಗೆ ಫೋನ್ ಮಾಡಿ, "ಮೃತರ ಹೆಸರು?" ಎಂದು ಕೇಳಿ ಬರೆದುಕೊಂಡು, ಆ ಚೀಟಿ ಕಳೆದು, ಅದೇ ಮನೆಗೆ ಮತ್ತೆ ಫೋನ್ ಮಾಡಿದವನು ನಾನು. ಅದೂ ಒಂದು ಸಲವಲ್ಲ. ಆ ಕಡೆ ಫೋನ್ ಎತ್ತಿದವರು ಎರಡನೆಯ ಸಲ ಹೇಗೆ ಹೇಳಿದರೆಂಬುದು ನೆನಪಿಲ್ಲ. ಹೆಸರಿನ ಅಕ್ಷರಗಳ ಮೇಲಷ್ಟೇ ನನ್ನ ಗಮನವಿತ್ತು.

ಶೋಭಾ ಫೋಟೋ ಚಿಕ್ಕದು ಮಾಡಿ, ನೆನಪಿನಿಂದಲೇ ಎಲ್ಲವನ್ನೂ ಮತ್ತೆ ತುಂಬಿಸಿದರು. ಗೌರಮ್ಮನವರಿಗೆ ಓದು ಬಾರದು. ಹಾಗಾಗಿ ಕಳಿಸುವ ಮುಂಚೆ ಶೋಭಾ ಗಟ್ಟಿಯಾಗಿ ಓದಿದರು: "ಮೃತರ ಹೆಸರು, ಬಣ್ಣಪ್ಪ."

ಈ ಸಲ ಯಾರೂ ನಗಲಿಲ್ಲ. ಗೌರಮ್ಮ ಎದ್ದು ನಿಂತರು. ಸೆರಗು ಬಾಯಿಗೆ ಹೋಗಲಿಲ್ಲ.

"ರಂಗಪ್ಪ," ಎಂದರು. "ನನ್ ಗಂಡ ರಂಗಪ್ಪ ಕಣವ್ವಾ. ಬರ್ಕೋ."

"ತಪ್ಪಾಯ್ತಮ್ಮಾ," ಎಂದು ಶೋಭಾ ತಿದ್ದಿದರು. ಅರ್ಜಿ ಸಲ್ಲಿಕೆಯಾಯಿತು.

ಪ್ರಮಾಣಪತ್ರ ಶನಿವಾರ ಬಂದಿದೆ ಎಂದು ಶೋಭಾ ತಿಳಿಸಿದರು. ಅದರಲ್ಲಿ ರಂಗಪ್ಪ ಎಂದಿದೆ.